ತ್ಯಾಗವೋ, ಅದತ್ತಾದಾನವೋ?

ನಮ್ಮ ಸಭೆ ಸಮಾರಂಭಗಳಲ್ಲಿ ಮಾತೃತ್ವದ ತ್ಯಾಗವನ್ನು ಕೊಂಡಾಡದ ಭಾಷಣವಿಲ್ಲ. ಅದರಲ್ಲಿಯೂ ಮಾತು ಬಾರದ, ನಡಿಗೆ ತಡವಾದ, ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗುವನ್ನು ಸಲಹುವ ತಾಯಿಯ ಮಾತು ಬಂದರೆ ಭಾಷಣಕಾರರ ಕಂಠ ಗದ್ಗದವಾಗುತ್ತದೆ. ಆಕೆ ಕೂಲಿ ಬಿಟ್ಟಳು, ಹೊಲಿಗೆ ಬಿಟ್ಟಳು, ಶಿಕ್ಷಕಿಯ ಕೆಲಸ ಬಿಟ್ಟಳು, ಎಲ್ಲವೂ ಮಗುವಿಗಾಗಿ ಎಂದು ಹೊಗಳಿ, ಶಾಲು ಹೊದಿಸಿ ನಾವು ಮನೆಗೆ ಹೋಗುತ್ತೇವೆ. ಈ ಹೊಗಳಿಕೆಯನ್ನು ನಾನು ಒಪ್ಪಲಾರೆ. ತನ್ನದನ್ನು ತಿಳಿದು, ಇಚ್ಛೆಯಿಂದ ಬಿಡುವುದು ತ್ಯಾಗ. ಬೇರೆ ದಾರಿಯಿಲ್ಲದೆ ಬಿಟ್ಟದ್ದು ಆಕೆ ಕೊಟ್ಟದ್ದಲ್ಲ, ಆಕೆಯಿಂದ ಕಸಿದುಕೊಂಡದ್ದು. ಕೊಡದುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಆಚಾರಶಾಸ್ತ್ರ ಅದತ್ತಾದಾನವೆಂದು ಹೆಸರಿಟ್ಟಿದೆ. ಅಚೌರ್ಯಾಣುವ್ರತ ಹಿಡಿದವರು ಇದನ್ನು ಹಗುರವಾಗಿ ಎಣಿಸಬಾರದು.

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳಿಂದ ಜಿಲ್ಲೆಯಾದ ಈ ಸೀಮೆಯ ಹೆಣ್ಣುಮಕ್ಕಳ ದುಡಿಮೆಯನ್ನೇ ನೋಡಿರಿ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯ ಬಯಲಿನಲ್ಲಿ ಹೆಂಗಸರ ಗುಂಪುಗಳು ಭತ್ತದ ನಾಟಿಯನ್ನು ಎಕರೆಗಿಷ್ಟೆಂದು ಗುತ್ತಿಗೆ ಹಿಡಿಯುತ್ತವೆ. ಸಾಲಿನಲ್ಲಿ ಒಬ್ಬಳು ಹಿಂದೆ ಬಿದ್ದರೆ ಎಲ್ಲರ ಕೂಲಿಗೂ ಕುಂದು. ಫಿಟ್ಸ್ ಬರುವ ಮಗುವನ್ನು ಬದುವಿನ ಮೇಲೆ ಕೂರಿಸಿ ಕೆಸರಿಗಿಳಿದವಳು ಎಷ್ಟು ಸಲ ತಲೆಯೆತ್ತಿ ನೋಡಬೇಕು? ಮುಂದಿನ ಹಂಗಾಮಿಗೆ ಆ ಗುಂಪು ಅವಳನ್ನು ಕರೆಯದು. ಕರೆಯದವರೂ ಬಡವರೇ; ಅವರನ್ನು ದೂರಿ ಫಲವಿಲ್ಲ. ಕುಷ್ಟಗಿಯ ಕಡೆಯ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಲ್ಲಿ ಮೊಗ್ಗಿನ ಗಂಡುಭಾಗವನ್ನು ಹಿಂದಿನ ದಿನ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಸೋಕಿಸಬೇಕು. ಮಗು ರಾತ್ರಿಯೆಲ್ಲ ನಿದ್ರಿಸಲಿಲ್ಲವೆಂದು ಹೂವು ಕಾಯುವುದಿಲ್ಲ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಊರುಗಳಿಂದ ದಂಪತಿಗಳಿಬ್ಬರೂ ಗುಳೆ ಹೋಗುವುದುಂಟು. ಮನೆಯಲ್ಲಿ ಇಂಥ ಮಗುವಿದ್ದರೆ ಗಂಡನೊಬ್ಬನೇ ಹೋಗುತ್ತಾನೆ. ಎರಡು ಕೂಲಿ ಒಂದಾಗುತ್ತದೆ; ಔಷಧದ ಖರ್ಚು ಮಾತ್ರ ಬೆಳೆಯುತ್ತದೆ.

ಚಿಕಿತ್ಸೆಯೂ ದಿನಗಳನ್ನೇ ತಿನ್ನುತ್ತದೆ. ವಾಕ್ ಚಿಕಿತ್ಸೆಯಾಗಲಿ, ಕೈಕಾಲಿನ ವ್ಯಾಯಾಮ ಚಿಕಿತ್ಸೆಯಾಗಲಿ ಒಂದು ಗುಳಿಗೆಯಿಂದ ಮುಗಿಯುವುದಲ್ಲ. ವಾರವಾರವೂ, ವರ್ಷಗಟ್ಟಲೆ ನಡೆಯಬೇಕು. 2023ರ ಶಕ್ತಿ ಯೋಜನೆ ತಾಯಿಯ ಬಸ್ಸಿನ ಹಣವನ್ನು ಉಳಿಸಿತು, ಸಂತೋಷ. ಆ ದಿನದ ಕೂಲಿಯನ್ನು ಉಳಿಸುವವರಾರು? ತೀವ್ರ ವೈಕಲ್ಯವುಳ್ಳ ಮಕ್ಕಳಿಗೆಂದು ಸರ್ಕಾರ ಗೃಹಾಧಾರಿತ ಶಿಕ್ಷಣವನ್ನು ಇಟ್ಟಿದೆ. ಮನೆಯಲ್ಲಿ ಒಬ್ಬರು ಹಗಲೆಲ್ಲ ಇದ್ದೇ ಇರುತ್ತಾರೆಂಬುದು ಅದರ ಬುನಾದಿ. ಆ ಒಬ್ಬರು ಯಾರೆಂಬುದನ್ನು ಯಾವ ಆದೇಶದಲ್ಲಿಯೂ ಬರೆಯಬೇಕಾಗಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ 299 ನಿಮಿಷ ಕಳೆದರೆ, ಗಂಡಸರು 97 ನಿಮಿಷ. ಇದು ಎಲ್ಲ ಮನೆಗಳ ಲೆಕ್ಕ. ಮೇಲೆ ಹೇಳಿದ ಮನೆಯ ಲೆಕ್ಕವನ್ನು ಓದುಗರೇ ಊಹಿಸಲಿ.

ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜಿನ ಅಧ್ಯಾಪಕಿಯೊಬ್ಬರು ವಿಕಲಚೇತನ ಮಗನ ಆರೈಕೆಗಾಗಿ ರಜೆ ಬೇಡಿದಾಗ, 2024ರಲ್ಲಿ ಸುಪ್ರೀಂ ಕೋರ್ಟು, ದುಡಿಮೆಯಲ್ಲಿ ಹೆಣ್ಣಿನ ಪಾಲ್ಗೊಳ್ಳುವಿಕೆ ಸವಲತ್ತಲ್ಲ, ಸಂವಿಧಾನದತ್ತ ಹಕ್ಕು ಎಂದಿತು. ಒಳ್ಳೆಯ ಮಾತು. ಆದರೆ ನಾಟಿಯ ಗದ್ದೆಗೆ ರಜೆಯ ಪುಸ್ತಕವಿಲ್ಲ.

ಇನ್ನು ನಮ್ಮವರ ಆಕ್ಷೇಪಗಳು. ಇದು ತಾಯಿಯ ಪೂರ್ವಕರ್ಮ ಎನ್ನುವ ಹಿರಿಯರಿದ್ದಾರೆ. ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕೆ ತಾನೇ ಬಾಧ್ಯವೆಂಬುದು ನಮ್ಮ ಸಿದ್ಧಾಂತದ ಅಕ್ಷರಾಭ್ಯಾಸ. ಮಗುವಿನ ವೈಕಲ್ಯವನ್ನು ತಾಯಿಯ ತಲೆಗೆ ಕಟ್ಟುವುದು ಯಾವ ಆಗಮದ ಪಾಠ? ಕರ್ಮವೆಂದು ಕೈಕಟ್ಟಿ ಕೂಡುವುದಾದರೆ ಚತುರ್ವಿಧ ದಾನಗಳಲ್ಲಿ ಔಷಧದಾನವೇಕೆ ಬೇಕಿತ್ತು? ತಾಯಿಯಂತೆ ಯಾರು ನೋಡಿಕೊಂಡಾರು ಎಂಬುದು ಎರಡನೆಯ ಆಕ್ಷೇಪ. ತಾಯಿಯ ಸ್ಥಾನವನ್ನು ಯಾರೂ ಕೇಳುತ್ತಿಲ್ಲ. ಕೇಳುತ್ತಿರುವುದು ಹಗಲಿನ ಆರು ತಾಸು. ತಂದೆಯೂ ನೋಡಿಕೊಳ್ಳಬಹುದೆಂದು ಈ ಪ್ರಶ್ನೆ ಕೇಳುವವರಿಗೆ ತೋಚುವುದೇ ಇಲ್ಲವೆಂಬುದು ಸೋಜಿಗ.

ಕೊಪಣ ಮಹಾತೀರ್ಥದ ಹೆಸರೆತ್ತಿ ಹೆಮ್ಮೆಪಡುವ ಸಮಾಜ ನಮ್ಮದು. ಬಸದಿಗೆ ಹೊಂದಿದ ಸಭಾಭವನಗಳು ಪರ್ವದಿನಗಳನ್ನು ಬಿಟ್ಟರೆ ಹಗಲೆಲ್ಲ ಬೀಗ ಹಾಕಿಕೊಂಡಿರುತ್ತವೆ. ಗೋಶಾಲೆಗೆ, ಹಕ್ಕಿಗಳ ಕಾಳಿಗೆ ನಿಧಿಯಿದೆ, ಇರಲಿ, ಬೆಳೆಯಲಿ. ಅದೇ ಕರುಣೆ ಮನುಷ್ಯಶಿಶುವಿನವರೆಗೆ ಬರಲು ಏನು ಅಡ್ಡಿ? ಜಾತಿಮತ ಕೇಳದೆ ಹತ್ತು ಮಕ್ಕಳನ್ನು ಹಗಲು ಇರಿಸಿಕೊಳ್ಳುವ ಒಂದು ಕೋಣೆ, ತರಬೇತಿ ಪಡೆದ ಇಬ್ಬರು ಆಯಾಗಳು, ವಾರಕ್ಕೊಮ್ಮೆ ಬರುವ ಚಿಕಿತ್ಸಕರು ಸಾಕು, ಆರಂಭವಾಗುತ್ತದೆ. ಆಯಾಗಳಿಗೆ ಸೇವೆಯ ಹೆಸರಿನಲ್ಲಿ ಪುಡಿಗಾಸು ಕೊಡಕೂಡದು. ತಕ್ಕ ಸಂಬಳವನ್ನೇ ಕೊಡಬೇಕು, ಇಲ್ಲವಾದರೆ ಒಬ್ಬಳಿಂದ ಕಸಿದದ್ದನ್ನು ಇನ್ನೊಬ್ಬಳಿಂದ ಕಸಿದಂತಾಯಿತು. ಅಂಗಡಿ, ಗಿರಣಿಗಳ ಯಜಮಾನರಾದ ಶ್ರಾವಕರು, ಚಿಕಿತ್ಸೆಗೆಂದು ವಾರದಲ್ಲಿ ಒಂದು ದಿನ ತಡವಾಗಿ ಬರುವ ತಾಯಿಯ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದುಹಾಕದಿರಲಿ.

ಬರುವ ವಾರ್ಷಿಕ ಸಭೆಯಲ್ಲಿ ವಿಶ್ವಸ್ತ ಮಂಡಳಿಗಳು ಸನ್ಮಾನದ ಶಾಲು, ಹಾರಗಳ ಖರ್ಚನ್ನೂ ಇಂಥ ಕೋಣೆಯೊಂದರ ವರ್ಷದ ಖರ್ಚನ್ನೂ ಒಂದೇ ಹಾಳೆಯಲ್ಲಿ ಬರೆದು ಸಭೆಯ ಮುಂದಿಡಲಿ. ಆ ಸಭೆಗೆ ತಾಯಂದಿರನ್ನೂ ಕರೆಯಲಿ. ಮಕ್ಕಳನ್ನು ಅಷ್ಟು ಹೊತ್ತು ನೋಡಿಕೊಳ್ಳಲು ಜನರನ್ನು ಗೊತ್ತುಮಾಡಿ ಕರೆಯಲಿ.