ಮೊದಲು ನಾಡಿ ಹಿಡಿಯುವವರು ಯಾರು?

ಮಾಗಡಿ ಕಡೆಯಿಂದ ಬೆಂಗಳೂರಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಒಮ್ಮೆ ಕಣ್ಣಾಡಿಸಿ. ತರಕಾರಿ ಮೂಟೆಯ ಪಕ್ಕದಲ್ಲೇ ಎಕ್ಸ್‌ರೇ ಕವರು ಹಿಡಿದು ಕೂತ ನಮ್ಮವರು ಕಾಣುತ್ತಾರೆ. ಊರಲ್ಲಿ ಸೂಜಿ ಚುಚ್ಚಿಸಿ, ಹೋಬಳಿಯಲ್ಲಿ ಗ್ಲೂಕೋಸ್ ಏರಿಸಿಕೊಂಡು, ವಾಸಿಯಾಗದೆ ರಾಜಾಜಿನಗರ, ವಿಜಯನಗರದ ನರ್ಸಿಂಗ್ ಹೋಮ್ ಮೆಟ್ಟಿಲು ಹತ್ತುವವರು. ಅಲ್ಲಿ ಹೃದಯಕ್ಕೊಬ್ಬ ಡಾಕ್ಟರು, ಮೂತ್ರಪಿಂಡಕ್ಕೊಬ್ಬ, ಕಣ್ಣಿಗೊಬ್ಬ. ಒಬ್ಬೊಬ್ಬರಿಗೂ ಬೇರೆ ಫೀಸು, ಬೇರೆ ರಕ್ತಪರೀಕ್ಷೆ. ಮನುಷ್ಯನನ್ನು ಇಡಿಯಾಗಿ ನೋಡುವವರು ಸಿಕ್ಕುವುದಿಲ್ಲ. ಕೈಸಾಲ ಶುರುವಾಗುವುದು ಇಲ್ಲೇ.

ಅದೇ ರಾಜಾಜಿನಗರದಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ. 1948ರ ಕಾಯಿದೆಯ ಫಲ ಅದು. 2019ರ ದರದಂತೆ ಕಾರ್ಮಿಕ ನೂರು ರೂಪಾಯಿ ಸಂಬಳಕ್ಕೆ ಮುಕ್ಕಾಲು ರೂಪಾಯಿ ಕಟ್ಟಿದರೆ ಮಾಲೀಕ ಮೂರೂಕಾಲು ರೂಪಾಯಿ ಕಟ್ಟಬೇಕು. ಜ್ವರ, ಕೆಮ್ಮಿಗೂ ಡಿಸ್ಪೆನ್ಸರಿ. ಹೆಂಡತಿ ಮಕ್ಕಳಿಗೂ ಔಷಧ. ಕಾರ್ಮಿಕರು ಹೋರಾಡಿ ಉಳಿಸಿಕೊಂಡ ಹಕ್ಕು, ಅವರಿಗೆ ಇರಲಿ. ರೈತನಿಗೇನಿದೆ? 2003ರಲ್ಲಿ ತಲೆಗೆ 60 ರೂಪಾಯಿ ವಂತಿಗೆಯ ಯಶಸ್ವಿನಿ ಬಂತು, 2018ರಲ್ಲಿ ನಿಂತಿತು, 2023ರಲ್ಲಿ ಮತ್ತೆ ಬಂತು. ಒಳ್ಳೆಯದೇ. ಆದರೆ ಅದರ ಮುಖ್ಯ ಕೆಲಸ ಆಪರೇಷನ್ನಿನದು. ಆಪರೇಷನ್ ಬೇಡದಂತೆ ನೋಡಿಕೊಳ್ಳುವ ತಿಂಗಳ ಮಾತ್ರೆಗೆ ನಮ್ಮ ಜೇಬೇ ಗತಿ. ಸಕ್ಕರೆ ಕಾಯಿಲೆಯವನ ಕಾಲಿನ ಸಣ್ಣ ಹುಣ್ಣನ್ನು ಹೊತ್ತಿಗೆ ಸರಿಯಾಗಿ ಕಂಡರೆ ಡ್ರೆಸ್ಸಿಂಗಿನಲ್ಲಿ ಮುಗಿದೀತು. ಕಾಣದೆ ಹೋದರೆ ಕಾಲೂ ಹೋದೀತು, ಅದರ ಹಿಂದೆ ಅರ್ಧ ಎಕರೆಯೂ ಹೋದೀತು.

ಬೆಂಬಲ ಬೆಲೆಗೆ ಖರ್ಚು ಲೆಕ್ಕ ಹಾಕುವ ದಿಲ್ಲಿಯ ಪಂಡಿತರು ಎತ್ತಿನ ಮೇವನ್ನೂ ಸೇರಿಸುತ್ತಾರೆ. ಎತ್ತು ಹೊಡೆಯುವವನ ಬಿ.ಪಿ. ಮಾತ್ರೆ ಆ ಪಟ್ಟಿಯಲ್ಲಿಲ್ಲ!

ಹುಣ್ಣನ್ನು ಮೊದಲೇ ಕಾಣುವ ವಿದ್ಯೆಗೆ ಕುಟುಂಬ ವೈದ್ಯಶಾಸ್ತ್ರ ಅಂತ ಹೆಸರು. ಅಜ್ಜಿಯಿಂದ ಕೂಸಿನವರೆಗೆ ಒಂದು ಮನೆಯನ್ನು ವರ್ಷಗಟ್ಟಲೆ ಬಲ್ಲ ಡಾಕ್ಟರು, ದೊಡ್ಡ ಆಸ್ಪತ್ರೆ ಬೇಕೋ ಬೇಡವೋ ಹೇಳಬಲ್ಲವರು. ಈ ವಿಷಯದ ಸ್ನಾತಕೋತ್ತರ ಓದಿಗೆ ಉತ್ತೇಜನ ಕೊಡಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಲ್ಲೇ ಬರೆದಿದೆ. 2022ರಲ್ಲಿ ಆಯೋಗ ಇನ್ನೊಂದು ಹೆಜ್ಜೆ ಇಟ್ಟಿತು: ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಮನೆಗಳನ್ನು ದತ್ತು ತೆಗೆದುಕೊಂಡು ಆರೋಗ್ಯ ವಿಚಾರಿಸಬೇಕು.

ನಗರದ ಈ ಪಶ್ಚಿಮ ಮಗ್ಗುಲಲ್ಲಿ ಕಾಲೇಜುಗಳಿಗೇನೂ ಕೊರತೆಯಿಲ್ಲ. ರಾಜಾಜಿನಗರದಲ್ಲಿ ಇ.ಎಸ್.ಐ.ನದು, ಕೆಂಗೇರಿ ದಾಟಿದರೆ ಕಂಬೀಪುರದಲ್ಲಿ ರಾಜರಾಜೇಶ್ವರಿ. ಯಾರು ಎಷ್ಟು ಮಾಡಿದ್ದಾರೆಂದು ಇಲ್ಲಿ ತೂಗಲು ಹೊರಟಿಲ್ಲ. ಹುಡುಗರು ಬಂದು ಬಿ.ಪಿ. ನೋಡಿ ಪುಸ್ತಕದಲ್ಲಿ ಬರೆದುಕೊಂಡು ಹೋಗುವುದಷ್ಟೇ ಸಾಲದು ಅನ್ನುತ್ತೇವೆ. ಪ್ರತಿ ಕಾಲೇಜಿಗೂ ಕುಟುಂಬ ವೈದ್ಯ ವಿಭಾಗ ಬರಲಿ. ಅದರ ಡಾಕ್ಟರು ವಾರಕ್ಕೊಂದು ಗೊತ್ತಾದ ದಿನ, ಗೊತ್ತಾದ ಊರಲ್ಲಿ ಕೂರಲಿ. ಮಾತ್ರೆ ಅಲ್ಲೇ ಸಿಗಲಿ.

ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮೂರಿನ ಸಕ್ಕರೆ ಕಾಯಿಲೆಯವರ, ಬಿ.ಪಿ.ಯವರ ಲೆಕ್ಕ ಬರೆದುಕೊಂಡು ಹೋಗಿ. ಆಸ್ಪತ್ರೆಗೆಂದು ಮಾಡಿದ ಸಾಲವನ್ನೂ ಪಕ್ಕದಲ್ಲೇ ಬರೆಯಿರಿ. ಅದನ್ನು ನಡಾವಳಿ ಪುಸ್ತಕದಲ್ಲಿ ಏರಿಸುವವರೆಗೆ ಎದ್ದು ಬರಬೇಡಿ.