ಸೋರುವ ಮನೆಗೂ ಒಂದು ನಂಬರು ಬೇಕು



ಲೈನ್‌ಮನೆಯ ಶೀಟು ಒಡೆದರೆ ನಾವು ಮೇಸ್ತ್ರಿಗೆ ಹೇಳುತ್ತೇವೆ. ಮೇಸ್ತ್ರಿ ರೈಟರಿಗೆ ಹೇಳುತ್ತಾರೆ. ರೈಟರು ‘ನೋಡೋಣ’ ಎನ್ನುತ್ತಾರೆ. ಮಳೆಗಾಲ ಬಂದು ಹೋಗುತ್ತದೆ. ಮರುವರ್ಷ ಕೇಳಿದರೆ, ‘ಯಾವಾಗ ಹೇಳಿದ್ದಿರಿ?’ ಎಂಬ ಪ್ರಶ್ನೆ ನಮಗೇ ತಿರುಗಿ ಬರುತ್ತದೆ. ನಾವು ಕಿತ್ತ ಎಲೆಯ ತೂಕ ಅಂದಂದೇ ಬರಹಕ್ಕೆ ಬರುತ್ತದೆ. ನಮ್ಮ ಮನೆಯ ಮಾತು ಮಾತ್ರ ಗಾಳಿಗೆ ಹೋಗುತ್ತದೆ. ಇದು ನ್ಯಾಯವಲ್ಲ.

ಪಟ್ಟಣಗಳಲ್ಲಿ ಬಾಡಿಗೆ ಮನೆಗಳ ಉಸ್ತುವಾರಿ ನೋಡುವ ಕಂಪೆನಿಗಳು ಇದಕ್ಕೆಂದೇ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಇಟ್ಟುಕೊಂಡಿವೆ. ಮನೆಯವರು ರಿಪೇರಿ ಕೇಳಿದೊಡನೆ ಅದಕ್ಕೊಂದು ನಂಬರು, ತಾರೀಖು ಬೀಳುತ್ತದೆ. ಕೆಲಸ ಯಾರಿಗೆ ವಹಿಸಿದೆ, ಬಾಕಿಯೋ ಮುಗಿಯಿತೋ, ಎಷ್ಟು ದಿನವಾಯಿತು ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಹಾಜರಿ, ತೂಕ ಕಂಪ್ಯೂಟರಿಗೆ ಏರಿರುವ ಎಸ್ಟೇಟಿನಲ್ಲಿ ಮನೆ ರಿಪೇರಿಯನ್ನೂ ಏರಿಸಬಹುದು. ಕಂಪ್ಯೂಟರ್ ಇಲ್ಲದ ಕಡೆ ಒಂದು ರಿಜಿಸ್ಟರು ಸಾಕು.

ಆದರೆ ಲೆಕ್ಕ ಆಫೀಸಿನ ಕೈಯಲ್ಲಿ ಮಾತ್ರ ಇದ್ದರೆ ಸಾಲದು. ನಂಬರೂ ತಾರೀಖೂ ಇರುವ ಚೀಟಿ ನಮಗೆ ಸಿಗಬೇಕು. ಜ್ಞಾಪಿಸಲು ಹೋದಾಗ ಹಳೆಯ ನಂಬರನ್ನೇ ಹೇಳಬೇಕು. ಹೊಸ ನಂಬರು ಬಿದ್ದರೆ ದಿನಗಳ ಎಣಿಕೆ ಮೊದಲಿನಿಂದ ಶುರುವಾಗುತ್ತದೆ, ಕಾದ ತಿಂಗಳುಗಳು ಅಳಿಸಿಹೋಗುತ್ತವೆ. ‘ಮುಗಿಯಿತು’ ಎಂದು ಬರೆಯುವ ಮುಂಚೆ ಮನೆಯವರು ನೋಡಿ ರುಜು ಹಾಕಬೇಕು.

ಇದು ಬರೀ ಸೋರುವ ನೀರಿನ ಮಾತಲ್ಲ. 1951ರ ತೋಟ ಕಾರ್ಮಿಕರ ಕಾಯಿದೆ ಮನೆ ಒದಗಿಸಿ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಮನೆ ಕುಸಿದು ಸಾವುನೋವಾದರೆ ಪರಿಹಾರ ಕೊಡಬೇಕೆಂದು 1981ರ ತಿದ್ದುಪಡಿ ಸೇರಿಸಿತು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಹೊಸ ಸಂಹಿತೆಗಳು ಬಂದಿವೆ. ಈ ಪರಿಹಾರದ ವಿಷಯ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ಕುಸಿತಕ್ಕೆ ವಾಸವಿದ್ದವರ ತಪ್ಪೊಂದೇ ಅಥವಾ ಪ್ರಕೃತಿ ವಿಕೋಪವೇ ನೇರ ಕಾರಣವಾದರೆ ಪರಿಹಾರವಿಲ್ಲ ಎಂಬ ಮಾತು ಅಂದೂ ಇತ್ತು, ಇಂದೂ ಇದೆ. ‘ಮಳೆಗೆ ಬಿತ್ತು’ ಎಂದು ಅವರು ಹೇಳುವ ದಿನ, ‘ಗೋಡೆ ಬಿರಿದಿದೆಯೆಂದು ಇಂಥ ತಾರೀಖಿನಲ್ಲೇ ತಿಳಿಸಿದ್ದೆವು’ ಎಂದು ತೋರಿಸುವ ಚೀಟಿಗೆ ಎಷ್ಟು ಬೆಲೆಯೆಂದು ಯೋಚಿಸಿರಿ.

ಯಾಜಕಕಾಂಡದ 14ನೆಯ ಅಧ್ಯಾಯವನ್ನು ಓದಿರಿ. ಮನೆಯ ಗೋಡೆಗೆ ಕುಷ್ಠ ಹತ್ತಿದರೆ ಮನೆಯವನು ಹೋಗಿ ಯಾಜಕನಿಗೆ ತಿಳಿಸಬೇಕು. ಯಾಜಕನು ತಾನೇ ಬಂದು ನೋಡಬೇಕು. ಏಳನೆಯ ದಿನ ತಿರುಗಿ ಬರಬೇಕು. ಅದು ಹರಡಿದ್ದರೆ ಕೆಟ್ಟ ಕಲ್ಲು ತೆಗೆಸಬೇಕು, ಬೇರೆ ಕಲ್ಲು ಇಟ್ಟು ಹೊಸ ಗಾರೆ ಬಳಿಯಬೇಕು. ಅದಾದ ಮೇಲೂ ಮತ್ತೆ ಬಂದು ನೋಡಿಯೇ ಮನೆ ಶುದ್ಧವೆನ್ನಬೇಕು. ನಾವು ಆಫೀಸನ್ನು ಕೇಳುವುದು ಇದಕ್ಕಿಂತ ಹೆಚ್ಚೇನೂ ಅಲ್ಲ.

ಬರೆದುಕೊಟ್ಟರೆ ಮ್ಯಾನೇಜರಿಗೆ ಕೋಪ ಬಂದೀತು, ಕೆಲಸದ ಜೊತೆ ಮನೆಯೂ ಹೋದೀತು ಎಂದು ಅಂಜುವವರಿದ್ದಾರೆ. ಆ ಅಂಜಿಕೆ ಸುಳ್ಳಲ್ಲ. ಆದುದರಿಂದಲೇ ಒಬ್ಬೊಬ್ಬರಾಗಿ ಹೋಗಬೇಡಿರಿ. ಇಡೀ ಲೈನಿಗೆ ಮಾಡು ಒಂದೇ. ಅರ್ಜಿಯೂ ಒಂದೇ ಇರಲಿ, ಎಲ್ಲ ಮನೆಯವರ ರುಜು ಬೀಳಲಿ. ಓದು ಬಲ್ಲ ಮಕ್ಕಳು ಮನೆ ನಂಬರು, ಕೆಟ್ಟಿರುವುದೇನು, ತಾರೀಖು ಇಷ್ಟನ್ನು ಎರಡು ಪ್ರತಿ ಬರೆದುಕೊಡಲಿ. ಒಂದು ಆಫೀಸಿಗೆ, ಆಫೀಸಿನ ಮೊಹರು ಬಿದ್ದ ಇನ್ನೊಂದು ನಮ್ಮ ಪೆಟ್ಟಿಗೆಗೆ.

ಮುಂಗಾರಿಗೆ ಮುಂಚೆಯೇ ಇದು ಆಗಲಿ ಎಂಬುದು ನಮ್ಮ ಪ್ರಾರ್ಥನೆ.