ತ್ರಿಶೂಲದೊಳಗಿನ ಬೊಂಬಾಯಿ

ರಜೆಯಲ್ಲಿ ಅಪ್ಸರಕೊಂಡದ ಅಬ್ಬಿಗೆ ಹೋಗಿ, ಗುಡ್ಡದ ಮೇಲಿಂದ ಸಮುದ್ರ ನೋಡಿ ಮನೆಗೆ ಬಂದರೆ ಆಯಿ ಪೆಟ್ಟಿಗೆ ಬಿಚ್ಚಿ ಕೂತಿದ್ದಳು. ಮೊಮ್ಮಗಳ ಗೆಜ್ಜೆಗೆ ಹಳೆ ಬೆಳ್ಳಿ ಕರಗಿಸಬೇಕಿತ್ತು. ತುಂಡಾದ ಉಡಿದಾರ, ಸವೆದ ಬಟ್ಟಲುಗಳ ನಡುವೆ ದೊಡ್ಡದೊಂದು ನಾಣ್ಯ.

“ಬೊಂಬಾಯಿ ಗೋದಿಯಲ್ಲಿ ಗುಮಾಸ್ತನಿದ್ದ ಅಜ್ಜ ತಂದದ್ದು. ರೂಪಾಯಿಯಲ್ಲ, ಮೈಮೇಲೆ ಏಟು ಬೇರೆ ಬಿದ್ದಿದೆ. ಅದನ್ನೂ ಹಾಕು ಅಪ್ಪಿ,” ಎಂದಳು.

ಒಂದು ಬದಿಯಲ್ಲಿ ತ್ರಿಶೂಲ, ಗುರಾಣಿ ಹಿಡಿದು ನಿಂತ ಹೆಂಗಸು, ಹಿಂದೆ ಹಡಗು, 1902 ಎಂಬ ಇಸವಿ. ಇನ್ನೊಂದು ಬದಿಯಲ್ಲಿ ಚೀನೀ ಅಕ್ಷರ, ಅರಬ್ಬೀ ಲಿಪಿಯ ಮಲಯ ಭಾಷೆ. ಭೂತಗನ್ನಡಿಯಲ್ಲಿ ನೋಡಿದರೆ ತ್ರಿಶೂಲದ ನಡುಮೊನೆಯಲ್ಲಿ ಸಣ್ಣ ‘ಬಿ’. ಬೊಂಬಾಯಿ ಟಂಕಸಾಲೆಯ ಗುರುತು ಅದು!

“ಚೀನಾದ ದುಡ್ಡು ಬೊಂಬಾಯಿಯಲ್ಲಿ ಯಾಕೆ ಮಾವ?” ಎಂದಳು ಸೊಸೆ.

ಚೀನಾದ ವ್ಯಾಪಾರಿಗಳು ನಂಬಿದ್ದು ಹದ್ದಿನ ಚಿತ್ರದ ಮೆಕ್ಸಿಕೋ ಬೆಳ್ಳಿಯನ್ನು. ಬ್ರಿಟಿಷರು 1866ರಲ್ಲಿ ಹಾಂಗ್‌ಕಾಂಗಿನಲ್ಲೇ ಟಂಕಸಾಲೆ ತೆರೆದು ರಾಣಿಯ ಮುಖದ ಡಾಲರ್ ಹೊಡೆದರು. ಜನ ಒಪ್ಪಲಿಲ್ಲ. ಎರಡೇ ವರ್ಷಕ್ಕೆ ಬಾಗಿಲು ಮುಚ್ಚಿ ಯಂತ್ರಗಳನ್ನು ಜಪಾನಿಗೆ ಮಾರಿದರು. 1873ರಲ್ಲಿ ಅಮೆರಿಕವೂ ಚೀನಾಕ್ಕೆಂದೇ ಒಂದು ನಾಣ್ಯ ಮಾಡಿತು. ಕೊನೆಗೆ 1895ರಲ್ಲಿ ಬ್ರಿಟಿಷರು ಮತ್ತೆ ಎದ್ದರು. ಈ ಸಲ ರಾಣಿಯ ಮುಖವಿಲ್ಲ. ಕೆಲಸ ಬಂದದ್ದು ಬೊಂಬಾಯಿ, ಕಲ್ಕತ್ತೆಗಳಿಗೆ. 1893ರಲ್ಲಿ ಇಲ್ಲಿನ ಟಂಕಸಾಲೆಗಳು ಜನರು ತಂದ ಬೆಳ್ಳಿಗೆ ರೂಪಾಯಿ ಹೊಡೆದುಕೊಡುವುದನ್ನು ನಿಲ್ಲಿಸಿದ್ದವು; ಯಂತ್ರಗಳಿಗೆ ಬಿಡುವಿತ್ತು. ಈ ನಾಣ್ಯ ನಡೆಯಿತು. ಚೀನಾದವರು ಇದನ್ನು ‘ನಿಂತ ಮನುಷ್ಯ’ನ ಬೆಳ್ಳಿ ಎಂದು ಕರೆದರು. ನಿಂತದ್ದು ಹೆಂಗಸಾದರೂ!

“ಮತ್ತೆ ಈ ಏಟು?”

ಅಲ್ಲಿನ ಚಿನಿವಾರರು ಬಿಡಲಿಲ್ಲ ಕೂಸೇ. (ಚಿನಿವಾರ ಅಂದರೆ ನಾಣ್ಯ ಪರೀಕ್ಷಿಸುವವನು. ಹೆಸರಲ್ಲಿ ಚೀನಾ ಹುಡುಕಬೇಡಿ, ನಮ್ಮದೇ ಹಳೆ ಶಬ್ದ.) ದೊರೆಯ ಮುದ್ರೆ ಇದ್ದರೇನು, ತೂಗಿ, ದನಿ ಕೇಳಿ, ಬೆಳ್ಳಿ ಸರಿ ಅನಿಸಿದರೆ ತಮ್ಮ ಪುಟ್ಟ ಮುದ್ರೆ ಒತ್ತುತ್ತಿದ್ದರು. ‘ಇದಕ್ಕೆ ನಾನು ಜವಾಬ್ದಾರ’ ಎಂದಂತೆ. ಬೊಂಬಾಯಿಯಲ್ಲಿ ಹುಟ್ಟಿ, ಚೀನಾದಲ್ಲಿ ಪರೀಕ್ಷೆ ಪಾಸಾಗಿ, ಯಾವುದೋ ಹಡಗಿನಲ್ಲಿ ವಾಪಸು ಬಂದ ನಾಣ್ಯ ಇದು.

ಆದರೆ ನಕಲಿಯೂ ಬಹಳ. ಹೊನ್ನಾವರದಲ್ಲಿ ಶೇಟರ ತಕ್ಕಡಿಗೆ ಇಟ್ಟೆವು. ಹೊಸದಿದ್ದಾಗ ಇದರ ತೂಕ 26.95 ಗ್ರಾಂ, ನೂರರಲ್ಲಿ ತೊಂಬತ್ತು ಪಾಲು ಬೆಳ್ಳಿ. ಮುಳ್ಳು 26.8ಕ್ಕೆ ನಿಂತಿತು. ಶೇಟರು ಕಲ್ಲಿಗೆ ಉಜ್ಜಿ ನೋಡಿ, “ಬೆಳ್ಳಿ ಸಮ ಇದ್ದು. ಕರಗಿಸುವುದೋ?” ಎಂದರು.

1935ರಲ್ಲಿ ಚೀನಾ ಬೆಳ್ಳಿಯ ಹಣವನ್ನೇ ಬಿಟ್ಟಿತು, ಈ ನಾಣ್ಯ ಹೊಡೆಯುವುದೂ ನಿಂತಿತು, ಆ ವರ್ಷದವನ್ನು ಹೆಚ್ಚಿನಂಶ ಕರಗಿಸಿಯೇ ಬಿಟ್ಟರು. ಇಷ್ಟನ್ನು ಹೇಳಿ ನಾನು ಸುಮ್ಮನಾದೆ. ಗೆಜ್ಜೆ ಅವಳದ್ದು.

ಸೊಸೆ ಸುಮಾರು ಹೊತ್ತು ತಕ್ಕಡಿ ನೋಡಿದಳು. ಆಮೇಲೆ ನಾಣ್ಯ ಎತ್ತಿ ಲಂಗದ ಕಿಸೆಗೆ ಹಾಕಿದಳು.

ಗೆಜ್ಜೆ ಬಂದಿದೆ. ತೆಳ್ಳಗಿದೆ, ಸದ್ದೂ ಕಡಿಮೆ ಎಂದು ಆಯಿ ಇನ್ನೂ ಗೊಣಗುತ್ತಿದ್ದಾಳೆ.